ಮರೆವಿನ ಕಾಯಿಲೆಗೆ ಸಿಎಸ್‌ಎಫ್ ಸ್ಯಾಂಪಲ್: ಮಾಮೂಲಿ ಟ್ಯೂಬ್ ನಡೆಯುತ್ತಾ?

ಕೇಳಿದವರು, ಮಂಡ್ಯದ ನರ್ಸಿಂಗ್ ಹೋಮ್ ಲ್ಯಾಬ್:
64 ವರ್ಷದ ರೋಗಿ, ಮರೆವು. ಬೆನ್ನಿನ ನೀರಿನಲ್ಲಿ (ಸಿಎಸ್‌ಎಫ್) ಅಮೈಲಾಯ್ಡ್, ಟೌ ಪ್ರೋಟೀನ್ ನೋಡಿಸಿ ಅಂದಿದ್ದಾರೆ ನರರೋಗದ ಡಾಕ್ಟ್ರು. ಸ್ಯಾಂಪಲ್ ಬೆಂಗಳೂರಿಗೆ ಹೋಗಬೇಕು. ನಮ್ಮಲ್ಲಿರೋದು ಗಾಜಿನಂತೆ ಹೊಳೆಯೋ ಪ್ಲಾಸ್ಟಿಕ್ ಟ್ಯೂಬು. ಸಾಕಾ?

ಮೈಸೂರು, ಬಯೋಕೆಮಿಸ್ಟ್ರಿ ಲ್ಯಾಬ್:
ಬೇಡ ಸಾರ್. ತಳದ ತ್ರಿಕೋನದೊಳಗಿನ ಅಂಕಿ ನೋಡಿ. 6 ಇದ್ರೆ ಪಾಲಿಸ್ಟೈರೀನ್, 5 ಇದ್ರೆ ಪಾಲಿಪ್ರೊಪಿಲೀನ್. ನಿಮಗೆ ಬೇಕಾದ್ದು ಎರಡನೆಯದು, ಸ್ವಲ್ಪ ಹಾಲುಬಣ್ಣಕ್ಕಿರುತ್ತೆ. ಅದರಲ್ಲೂ ‘ಲೋ ಬೈಂಡ್’ (ಪ್ರೋಟೀನ್ ಕಮ್ಮಿ ಅಂಟೋದು) ಸಿಕ್ಕರೆ ಇನ್ನೂ ಒಳ್ಳೇದು. ಅಮೈಲಾಯ್ಡ್ ಬೀಟಾ 42 ಟ್ಯೂಬಿನ ಗೋಡೆಗೆ ಅಂಟಿಕೊಳ್ಳುತ್ತೆ, ರಿಪೋರ್ಟಿನಲ್ಲಿ ಕಮ್ಮಿ ಬರುತ್ತೆ. ಆಲ್ಝೈಮರ್‌ನಲ್ಲೂ ಕಮ್ಮಿಯಾಗೋದು ಅದೇ! ಟ್ಯೂಬಿನ ತಪ್ಪು ರೋಗಿಯ ತಲೆಗೆ ಬರುತ್ತೆ. ಒಂದು ಟ್ಯೂಬಿಂದ ಇನ್ನೊಂದಕ್ಕೆ ಸುರಿದಷ್ಟೂ ನಷ್ಟ. ಮುಕ್ಕಾಲಾದರೂ ತುಂಬಿಸಿ, ಅರೆಖಾಲಿ ಟ್ಯೂಬಿನಲ್ಲಿ ಅಂಟೋ ಪಾಲು ಜಾಸ್ತಿ. ಅಮೈಲಾಯ್ಡ್ ಬೀಟಾ 42/40 ಅನುಪಾತ ಕೇಳಿ, ಬೀಟಾ 40 ಕೂಡ ಅಂಟೋದರಿಂದ ಲೆಕ್ಕ ಒಂದಷ್ಟು ಸರಿಹೋಗುತ್ತೆ.

ಮೈಸೂರು, ನರರೋಗ ವಾರ್ಡಿನ ನರ್ಸ್:
ಸಿರಿಂಜಿನಲ್ಲಿ ಎಳೀಬೇಡಿ, ಸೂಜಿಯಿಂದ ನೇರ ಟ್ಯೂಬಿಗೇ ತೊಟ್ಟಿಕ್ಕಲಿ. ಮೊದಲ 2 ಎಂಎಲ್ ಕೋಶ ಎಣಿಕೆ, ಗ್ಲೂಕೋಸ್, ಪ್ರೋಟೀನ್‌ಗೆ ಇಡಿ. ಆಮೇಲಿನ ತಿಳಿ ನೀರು ಅಮೈಲಾಯ್ಡ್‌ಗೆ. ಆಗಲೂ ಕೆಂಪು ಕಂಡರೆ ಸೆಂಟ್ರಿಫ್ಯೂಜಿನಲ್ಲಿ 2000 ಜಿ ಬಲದಲ್ಲಿ 10 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ಒಂದೇ ಸಲ ಹೊಸ ಪಾಲಿಪ್ರೊಪಿಲೀನ್ ಟ್ಯೂಬಿಗೆ ಹಾಕಿ. 2000 ಅಂದ್ರೆ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅಲ್ಲ, ಇಲ್ಲೇ ಎಷ್ಟೋ ಜನ ಎಡವೋದು. ರೋಗಿ ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯೋ ಮಾತ್ರೆ ತಗೋತಿದ್ರೆ ಸೂಜಿ ಹಾಕೋ ಮುಂಚೆಯೇ ಡಾಕ್ಟ್ರಿಗೆ ತಿಳಿಸಿ.

ಕೇಳಿದವರು:
6 ಇದೆ! ಹೊಸದು ತರಿಸ್ತೀನಿ. ಐಸ್ ಹಾಕಿ ಕಳಿಸೋದಾ, ಫ್ರೀಜ್ ಮಾಡೋದಾ? ರಕ್ತದ ಸ್ಯಾಂಪಲ್ಲೂ ಬೇಕಾ?

ಮೈಸೂರು, ಬಯೋಕೆಮಿಸ್ಟ್ರಿ ಲ್ಯಾಬ್:
2ರಿಂದ 8 ಡಿಗ್ರಿ. ಲ್ಯಾಬಿನವರು ಕೇಳದ ಹೊರತು ಫ್ರೀಜ್ ಬೇಡ. ಒಮ್ಮೆ ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಅಂಕಿ ಏರುಪೇರು. ಜೆಲ್ ಪ್ಯಾಕಿಗೂ ಟ್ಯೂಬಿಗೂ ನಡುವೆ ಬಟ್ಟೆ ಇಡಿ, ಟ್ಯೂಬ್ ನಿಂತೇ ಇರಲಿ. ಶನಿವಾರ ಸಂಜೆ ಕೊರಿಯರ್‌ಗೆ ಕೊಟ್ಟು ಕೂರಬೇಡಿ. ಅಮೈಲಾಯ್ಡ್, ಟೌಗೆ ರಕ್ತ ಬೇಡ. ಆಲಿಗೋಕ್ಲೋನಲ್ ಬ್ಯಾಂಡ್ (ನರಮಂಡಲದ ಉರಿಯೂತ ಹುಡುಕೋ ಬೇರೆ ಪರೀಕ್ಷೆ) ಕೇಳಿದ್ರೆ ಮಾತ್ರ ಜೊತೆಗೇ ತೆಗೆದ ಸೀರಮ್ ಬೇಕೇಬೇಕು.

ಮೈಸೂರು, ನರರೋಗ ವೈದ್ಯೆ:
ಒಂದು ಮಾತು. ಮರೆವು ವಾರಗಳಲ್ಲೇ ಬಿಗಡಾಯಿಸಿದ್ದು, ಮೈ ಬೆಚ್ಚಿಬೀಳೋ ಹಾಗಿದ್ರೆ ಅದು ಬೇರೆ ದಾರಿ; ಪ್ರಿಯಾನ್ ರೋಗದ (ತಪ್ಪಾಗಿ ಮಡಚಿದ ಪ್ರೋಟೀನಿನಿಂದ ಬರೋ ಮಿದುಳಿನ ರೋಗ) ಗುಮಾನಿ ಅಂತ ಫಾರಂ ಮೇಲೇ ಬರೆದು ಲ್ಯಾಬಿಗೆ ಮೊದಲೇ ಫೋನ್ ಮಾಡಿ. 14-3-3 ಪ್ರೋಟೀನ್ ಒಂದನ್ನೇ ನಂಬಬೇಡಿ, ಪಾರ್ಶ್ವವಾಯು, ಮಿದುಳಿನ ಸೋಂಕು, ಫಿಟ್ಸ್‌ನಲ್ಲೂ ಅದು ಏರುತ್ತೆ. ಪ್ರಿಯಾನನ್ನೇ ಹುಡುಕೋ ಆರ್‌ಟಿ-ಕ್ವಿಕ್ ಪರೀಕ್ಷೆ ಹೆಚ್ಚು ನಿಖರ, ಆದರೆ ರಕ್ತ ಬೆರೆತ ನೀರಿನಲ್ಲಿ ಅದೂ ಕೈಕೊಡುತ್ತೆ.