ಶಾಲಾ ಮಕ್ಕಳಿಗೆ ಆರ್ಥಿಕ ಸಾಕ್ಷರತೆ ಮತ್ತು ಉದ್ಯೋಗ ಸಿದ್ಧತೆ: ಆರು ಅವಧಿಗಳಲ್ಲಿ ಸ್ವಯಂಸೇವಕರು ಏನು ಕಲಿಸಬಹುದು?

ಪ್ರಶ್ನೆ

ನಾನು ಮತ್ತು ಕೆಲವು ಸಹೋದ್ಯೋಗಿಗಳು ಸೇರಿ ಹದಿನಾಲ್ಕು, ಹದಿನೈದು ವರ್ಷದ ಮಕ್ಕಳಿಗೆ ಹಣದ ನಿರ್ವಹಣೆ ಹಾಗೂ ಉದ್ಯೋಗ ಸಿದ್ಧತೆಯ ಪಾಠ ಮಾಡಲು ಒಪ್ಪಿಕೊಂಡಿದ್ದೇವೆ. ಶಾಲೆಯವರು ವಾರಕ್ಕೊಂದರಂತೆ ಆರು ಅವಧಿಗಳನ್ನು ಬಿಟ್ಟುಕೊಟ್ಟಿದ್ದಾರೆ. ನಮ್ಮಲ್ಲಿ ಯಾರೂ ಶಿಕ್ಷಕರಲ್ಲ. ಈಗ ತಯಾರಾಗಿರುವ ಪಟ್ಟಿಯಲ್ಲಿ ಉಳಿತಾಯ, ಬಜೆಟ್, ಸಾಲ, ವಿಮೆ, ಷೇರು, ತೆರಿಗೆ, ಸ್ವವಿವರ ಬರೆಯುವುದು, ಸಂದರ್ಶನ ಎದುರಿಸುವುದು ಎಲ್ಲವೂ ಸೇರಿಕೊಂಡಿವೆ. ಇಷ್ಟನ್ನೂ ತುರುಕಿದರೆ ಮಕ್ಕಳ ತಲೆಯಲ್ಲಿ ಯಾವುದೂ ನಿಲ್ಲಲಾರದು ಎಂಬುದು ನನ್ನ ಅಳುಕು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೈಬಿಡಬೇಕು? ಇಂತಹ ಪಾಠಗಳಿಂದ ಮುಂದೆ ಅವರ ನಡವಳಿಕೆ ನಿಜವಾಗಿಯೂ ಬದಲಾಗುತ್ತದೆಯೇ?

ಉತ್ತರ 1

ನಿಮ್ಮ ಎರಡನೆಯ ಪ್ರಶ್ನೆಯ ಬಗ್ಗೆ ಸಂಶೋಧಕರಲ್ಲೇ ಒಮ್ಮತವಿಲ್ಲ. ಫರ್ನಾಂಡಿಸ್, ಲಿಂಚ್ ಮತ್ತು ನೆಟ್‌ಮೇಯರ್ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಜನರ ಹಣಕಾಸಿನ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಇಂತಹ ಶಿಕ್ಷಣದಿಂದ ವಿವರಿಸಬಹುದಾದದ್ದು ಶೇ 0.1ರಷ್ಟು ಮಾತ್ರ, ಅದೂ ಕಾಲ ಕಳೆದಂತೆ ಮಾಸಿಹೋಗುತ್ತದೆ. ಆದರೆ ಕೈಸರ್, ಲುಸಾರ್ಡಿ ಮತ್ತಿತರರು 76 ಯಾದೃಚ್ಛಿಕ ಪ್ರಯೋಗಗಳನ್ನು (ಯಾರಿಗೆ ಪಾಠ ಸಿಗಬೇಕೆಂಬುದನ್ನು ಚೀಟಿ ಎತ್ತಿದಂತೆ ಆರಿಸಿ ನಡೆಸಿದವು) ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಿಳಿವಳಿಕೆ ಮತ್ತು ನಡವಳಿಕೆ ಎರಡರ ಮೇಲೂ ಒಳ್ಳೆಯ ಪರಿಣಾಮ ಕಂಡುಬಂದಿದೆ. ತಿಳಿವಳಿಕೆ ಹೆಚ್ಚಿದಷ್ಟು ನಡವಳಿಕೆ ಸುಧಾರಿಸುವುದಿಲ್ಲವೆಂಬುದು ಅಲ್ಲಿಯೂ ಕಾಣುತ್ತದೆ. ಹಾಗಾಗಿ ನಾನಾದರೆ, ಮಕ್ಕಳು ಒಂದೆರಡು ವರ್ಷಗಳೊಳಗೆ ಎದುರಿಸಲಿರುವ ನಿರ್ಧಾರಗಳಿಗೆ ಮಾತ್ರ ಅವಧಿಗಳನ್ನು ಮೀಸಲಿಡುತ್ತೇನೆ. ನಿವೃತ್ತಿ ಯೋಜನೆಯನ್ನು ಹದಿನಾಲ್ಕರ ವಯಸ್ಸಿನಲ್ಲಿ ಕೇಳಿದವರು ನಲವತ್ತರಲ್ಲಿ ಅದನ್ನು ನೆನಪಿಸಿಕೊಳ್ಳುತ್ತಾರೆಂದು ನನಗಂತೂ ಅನ್ನಿಸುವುದಿಲ್ಲ.

ಉತ್ತರ 2

ಮೇಲಿನ ಮಾತಿಗೆ ನನ್ನ ಸಹಮತವಿದೆ. ವಿಮೆ, ಷೇರು, ತೆರಿಗೆ ಮೂರನ್ನೂ ಬಿಟ್ಟುಬಿಡಿ. ಸಾಲ ಮತ್ತು ಬಡ್ಡಿಗೆ ಎರಡು ಪೂರ್ತಿ ಅವಧಿಗಳನ್ನು ಕೊಡಿ. ಕಂತಿನಲ್ಲಿ ಫೋನು ಕೊಳ್ಳುವ ಆಮಿಷವೇ ಬಹುತೇಕ ಮಕ್ಕಳಿಗೆ ಎದುರಾಗುವ ಮೊದಲ ಸಾಲ.

ನಾನು ಬಳಸುವ ಲೆಕ್ಕವನ್ನೇ ಹೇಳುತ್ತೇನೆ. 12,000 ಸಾಲ, ಒಂದು ವರ್ಷ, "ಕೇವಲ ಶೇ 10 ಫ್ಲಾಟ್ ಬಡ್ಡಿ" ಎಂದು ಕಪ್ಪುಹಲಗೆಯ ಮೇಲೆ ಬರೆಯಿರಿ. ಫ್ಲಾಟ್ ಎಂದರೆ ಸಾಲ ತೀರುತ್ತಾ ಬಂದರೂ ಬಡ್ಡಿಯನ್ನು ಮೊದಲಿನ ಪೂರ್ತಿ ಮೊತ್ತದ ಮೇಲೆಯೇ ಲೆಕ್ಕ ಹಾಕುವುದು. ಬಡ್ಡಿ 1,200, ಒಟ್ಟು 13,200, ತಿಂಗಳ ಕಂತು 1,100. ಇಲ್ಲಿಯವರೆಗೆ ಎಲ್ಲರಿಗೂ ಇದು ನ್ಯಾಯವಾಗಿಯೇ ಕಾಣುತ್ತದೆ. ಅನಂತರ, ಪ್ರತಿ ತಿಂಗಳು 1,000 ಅಸಲು ತೀರುತ್ತಿರುವಾಗ ನಿಮ್ಮ ಕೈಯಲ್ಲಿ ನಿಜಕ್ಕೂ ಉಳಿದಿರುವ ಸಾಲವೆಷ್ಟು ಎಂದು ಕೇಳಿ. ಮಕ್ಕಳು 12,000, 11,000, 10,000 ಎಂದು ಕೆಳಗಿನ 1,000ದವರೆಗೆ ಬರೆದು ಕೂಡಿದಾಗ 78,000 ಬರುತ್ತದೆ; ಹನ್ನೆರಡರಿಂದ ಭಾಗಿಸಿದರೆ ಸರಾಸರಿ 6,500. ಅಂದರೆ ವರ್ಷವಿಡೀ ಸರಾಸರಿ 6,500 ಇಟ್ಟುಕೊಂಡದ್ದಕ್ಕೆ 1,200 ಬಡ್ಡಿ ಕಟ್ಟಿದಂತಾಯಿತು, ಸುಮಾರು ಶೇ 18. ಭಾಗಾಕಾರ ಮುಗಿದೊಡನೆ ತರಗತಿಯಲ್ಲಿ ಗದ್ದಲವೇಳುತ್ತದೆ, ಏಳಲಿ ಬಿಡಿ. ಉತ್ತರವನ್ನು ಮಾತ್ರ ನೀವಾಗಿಯೇ ಹೇಳಿಬಿಡಬೇಡಿ.

ಚಕ್ರಬಡ್ಡಿಗೆ 72ರ ಸೂತ್ರವಷ್ಟೇ ಸಾಕು: ಬಡ್ಡಿ ದರದಿಂದ 72ನ್ನು ಭಾಗಿಸಿದರೆ ಹಣ ದುಪ್ಪಟ್ಟಾಗಲು ಬೇಕಾಗುವ ವರ್ಷಗಳು ಅಂದಾಜಿಗೆ ಸಿಗುತ್ತವೆ. ಸಾಲವೂ ಇದೇ ವೇಗದಲ್ಲಿ ದುಪ್ಪಟ್ಟಾಗುತ್ತದೆ ಎಂಬುದನ್ನು ತಪ್ಪದೆ ಹೇಳಿ. ಉಳಿತಾಯದ ಉತ್ಸಾಹದಲ್ಲಿ ಸ್ವಯಂಸೇವಕರು ಈ ಅರ್ಧವನ್ನು ಮರೆಯುವುದುಂಟು.

ಉತ್ತರ 3

ಉದ್ಯೋಗ ಸಿದ್ಧತೆಯ ಬಗ್ಗೆ ಎರಡು ಮಾತು. ಅಮೆರಿಕದಲ್ಲಿ 1919ರಲ್ಲಿ ಆರಂಭವಾದ ಜೂನಿಯರ್ ಅಚೀವ್‌ಮೆಂಟ್ ಈ ಕ್ಷೇತ್ರದ ಹಳೆಯ ಸಂಸ್ಥೆಗಳಲ್ಲೊಂದು. ಅದರ ಆರಂಭಿಕ ಕಾರ್ಯಕ್ರಮದಲ್ಲಿ ಮಕ್ಕಳೇ ಪುಟ್ಟ ಕಂಪನಿ ಕಟ್ಟಿ, ವಸ್ತು ತಯಾರಿಸಿ, ಮಾರಿ, ಲಾಭ ನಷ್ಟ ನೋಡುತ್ತಿದ್ದರು. ಉದ್ಯಮದಲ್ಲಿರುವವರು ಶಾಲಾ ಸಮಯದಲ್ಲಿ ತರಗತಿಗೇ ಬಂದು ಕಲಿಸುವ ಕಾರ್ಯಕ್ರಮ ಸೇರಿಕೊಂಡದ್ದು 1970ರ ದಶಕದಲ್ಲಿ. ಆರು ಅವಧಿಗಳಲ್ಲಿ ಕಂಪನಿ ನಡೆಸಲಾಗದು ನಿಜ, ಆದರೂ ಪಾಠದ ನಡುವೆ ಮಕ್ಕಳು ಏನನ್ನಾದರೂ ಮಾಡುತ್ತಿರಲೇಬೇಕು.

ಸ್ವವಿವರದ ನಮೂನೆ ತುಂಬಿಸುವುದು ಈ ವಯಸ್ಸಿಗೆ ನಿರರ್ಥಕ, ಏಕೆಂದರೆ ಅದರಲ್ಲಿ ಬರೆಯಲು ಅವರ ಬಳಿ ಇನ್ನೂ ಏನೂ ಇರುವುದಿಲ್ಲ. ಅದರ ಬದಲು ಕಾಲ್ಪನಿಕ ಸಂಬಳದ ಚೀಟಿಯೊಂದನ್ನು ಹಂಚಿ, ಒಟ್ಟು ವೇತನಕ್ಕೂ ಕೈಗೆ ಬರುವ ಹಣಕ್ಕೂ ಏಕಿಷ್ಟು ಅಂತರವೆಂದು ಹುಡುಕಲು ಹೇಳಿ. ಸಂದರ್ಶನದಲ್ಲಿ ಪಾತ್ರಗಳನ್ನು ಅದಲುಬದಲು ಮಾಡಿ: ಮಕ್ಕಳು ಪ್ರಶ್ನೆ ಕೇಳಲಿ, ಸ್ವಯಂಸೇವಕರು ಅಭ್ಯರ್ಥಿಗಳಾಗಲಿ, ಬೇಕೆಂದೇ ತಡವಾಗಿ ಬಂದು ಅಡ್ಡಾದಿಡ್ಡಿ ಉತ್ತರ ಕೊಡಲಿ. ಇಂಥವರನ್ನು ಏಕೆ ಆಯ್ಕೆ ಮಾಡಲಾರೆವೆಂದು ಮಕ್ಕಳೇ ಬರೆದ ಕಾರಣಗಳು ನಮ್ಮ ಯಾವ ಉಪದೇಶಕ್ಕಿಂತಲೂ ಹರಿತವಾಗಿರುತ್ತವೆ. ಕೆಲಸ ಕೊಡಿಸುವುದಾಗಿ ಹೇಳಿ ಮುಂಗಡ ಹಣ ಕೇಳುವವರು ವಂಚಕರೆಂಬುದನ್ನು ಮಾತ್ರ ನೇರವಾಗಿಯೇ ಹೇಳಿ.

ಉತ್ತರ 4

ಶಿಕ್ಷಕಿಯಾಗಿ ಬರೆಯುತ್ತಿದ್ದೇನೆ. ಮನೆಯ ಆದಾಯ, ಖರ್ಚು, ಸಾಲಗಳ ಬಗ್ಗೆ ತರಗತಿಯಲ್ಲಿ ಕೇಳಲೇಬೇಡಿ. "ನಿಮ್ಮ ಮನೆಯ ಬಜೆಟ್ ಬರೆದು ತನ್ನಿ" ಎಂಬ ಮನೆಗೆಲಸ ಕೆಲವು ಮಕ್ಕಳ ಪಾಲಿಗೆ ಅವಮಾನವಾಗುತ್ತದೆ. ಕಲ್ಪಿತ ಕುಟುಂಬವೊಂದರ ಲೆಕ್ಕ ಕೊಡಿ. ತರಗತಿಯ ಶಿಕ್ಷಕರು ಇಡೀ ಅವಧಿ ಕೊಠಡಿಯಲ್ಲೇ ಇರಲಿ, ಸ್ವಯಂಸೇವಕರು ಮಕ್ಕಳೊಂದಿಗೆ ಫೋನ್ ಸಂಖ್ಯೆ ವಿನಿಮಯ ಮಾಡಿಕೊಳ್ಳುವುದು ಬೇಡ. ನಿಮ್ಮ ಸಂಸ್ಥೆ ಹಣಕಾಸು ಸೇವೆಯದ್ದಾದರೆ ಅದರ ಉತ್ಪನ್ನಗಳ ಹೆಸರು, ಕರಪತ್ರ, ಚಿಹ್ನೆ ಯಾವುದೂ ಒಳಗೆ ಬರಕೂಡದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಸಾಲಕ್ಕೆ ಎರಡು, ಬಜೆಟ್ಟಿಗೆ ಒಂದು, ಸಂಬಳದ ಚೀಟಿಗೆ ಒಂದು, ಸಂದರ್ಶನಕ್ಕೆ ಎರಡು ಅವಧಿ ಎಂದು ಬದಲಿಸಿಕೊಂಡಿದ್ದೇವೆ. ಭಾಗಾಕಾರದಲ್ಲಿ ಹಿಂದುಳಿದ ಮಕ್ಕಳು ಆ ಸಾಲದ ಲೆಕ್ಕದಲ್ಲಿ ಸುಮ್ಮನೆ ಕುಳಿತುಬಿಟ್ಟರೆ?

ಉತ್ತರ 2 ಬರೆದವರು

ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಗುಂಪಿಗೊಂದು ಕ್ಯಾಲ್ಕುಲೇಟರ್ ಕೊಡಿ. ಕೂಡುವುದನ್ನು ಯಂತ್ರ ಮಾಡಲಿ. ಯಾವುದನ್ನು ಯಾವುದರಿಂದ ಭಾಗಿಸಬೇಕೆಂಬ ತೀರ್ಮಾನ ಗುಂಪಿನದಾಗಿರಲಿ.