ಕಾಲೇಜಿನಲ್ಲಿ ಸಾಧಕರ ಸನ್ಮಾನ: ಈ ಸಲವಾದರೂ ಸರಿಯಾಗಿ ಮಾಡೋದು ಹೇಗೆ?

ಪ್ರಶ್ನೆ (ಉಪನ್ಯಾಸಕಿ, ತುಮಕೂರು ಜಿಲ್ಲೆ)

ನಮ್ಮದು ಸಣ್ಣ ಪದವಿ ಕಾಲೇಜು. ಪ್ರತಿ ವರ್ಷ ವಾರ್ಷಿಕೋತ್ಸವದ ದಿನ ಸುತ್ತಲಿನ ಹಳ್ಳಿಗಳ ಮೂವರನ್ನು ಕರೆದು ಸನ್ಮಾನ ಮಾಡುತ್ತೇವೆ. ಈ ಸಲ ಆ ಕೆಲಸ ನನ್ನ ಪಾಲಿಗೆ ಬಂದಿದೆ.

ಹೋದ ವರ್ಷ ಹೆರಿಗೆ ಮಾಡಿಸುವ ಒಬ್ಬ ಅಜ್ಜಿಯನ್ನು ಕರೆದಿದ್ದೆವು. ಬೆಳಿಗ್ಗೆ 10ಕ್ಕೇ ಬಂದು ಕೂತಿದ್ದರು. ಶಾಲು ಹೊದಿಸಿದ್ದು ಮಧ್ಯಾಹ್ನ 2ಕ್ಕೆ. ನಿರೂಪಕರು ಹೆಸರು ತಪ್ಪಾಗಿ ಕರೆದರು, ಸನ್ಮಾನ ಪತ್ರದಲ್ಲೂ ಅದೇ ತಪ್ಪು. ಮೈಕು ಅವರ ಕೈಗೆ ಬರಲೇ ಇಲ್ಲ. ಸಂಜೆ ನೋಡಿದರೆ ಗೇಟಿನ ಹತ್ತಿರ ಕಲ್ಲಿನ ಮೇಲೆ ಕೂತು, ಹಣ್ಣಿನ ಬುಟ್ಟಿ ಬಿಚ್ಚಿ, ಸೇಬು ಮೂಸಂಬಿಯನ್ನೆಲ್ಲ ಆ ಶಾಲಿನಲ್ಲೇ ಗಂಟು ಕಟ್ಟುತ್ತಿದ್ದರು. "ಬುಟ್ಟಿ ಹಿಡ್ಕಂಡು ಬಸ್ ಹತ್ತಕ್ಕಾಗಲ್ಲ ಕಣವ್ವ" ಅಂದರು. ಊರಿನ ಬಸ್ಸು ಅಷ್ಟೊತ್ತಿಗಾಗಲೇ ಹೋಗಿತ್ತು. ನನಗೆ ಮುಖ ಎತ್ತಿ ಮಾತಾಡಲು ಆಗಲಿಲ್ಲ.

ಪಾವಗಡದ ಸೂಲಗಿತ್ತಿ ನರಸಮ್ಮನವರು ನಮ್ಮ ಜಿಲ್ಲೆಯವರೇ. 15,000ಕ್ಕೂ ಜಾಸ್ತಿ ಹೆರಿಗೆ ಮಾಡಿಸಿದವರು. ಅಕ್ಷರ ಬಾರದ ಅವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಪದ್ಮಶ್ರೀ ಬಂದದ್ದು ಆಮೇಲೆ, 2018ರಲ್ಲಿ. ಅಂಥ ಜಿಲ್ಲೆಯಲ್ಲಿದ್ದು ನಾವು ಹೀಗೆ ಮಾಡಬಹುದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1 (ಎನ್ನೆಸ್ಸೆಸ್ ಅಧಿಕಾರಿ, ಧಾರವಾಡ)

ಮೇಡಂ, ಮೊದಲು ಸನ್ಮಾನವನ್ನು ಉದ್ಘಾಟನೆಯ ಬೆನ್ನಿಗೇ ಇಟ್ಟುಬಿಡಿ. ರಾಜಕಾರಣಿಗಳ ಭಾಷಣ ಆಮೇಲೆ. ಮೂವರು ಬೇಡ, ಒಬ್ಬರು ಸಾಕು. ಹದಿನೈದು ದಿನ ಮುಂಚೆ ನಾಲ್ಕು ಮಕ್ಕಳನ್ನು ಅವರ ಮನೆಗೆ ಕಳಿಸಿ, ಅವರು ಹೇಳಿದ್ದನ್ನು ಬರೆದುಕೊಂಡು ಬರಲಿ. ಸನ್ಮಾನ ಪತ್ರವನ್ನು ಆ ಮಕ್ಕಳೇ ಬರೆಯಲಿ. ಅಚ್ಚಿಗೆ ಹೋಗುವ ಮೊದಲು ಮನೆಯವರಿಗೆ ಓದಿ ಹೇಳಿದರೆ ಹೆಸರು ತಪ್ಪುವುದಿಲ್ಲ. ಕರೆತರಲು, ಬಿಟ್ಟುಬರಲು ಗಾಡಿ ಇರಲೇಬೇಕು.

ಉತ್ತರ 2 (ಮಂಗಳೂರು)

ಅವರಿಗೆ ಏನು ಬೇಕು ಅಂತ ಒಂದು ಮಾತು ಕೇಳಿ. ನಮ್ಮ ಹರೇಕಳ ಹಾಜಬ್ಬನವರನ್ನೇ ನೋಡಿ. ಕಿತ್ತಳೆ ಮಾರಿ ಕೂಡಿಟ್ಟ ದುಡ್ಡಿನಲ್ಲಿ ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದವರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಹೆಸರು ಬಂದ ಮೇಲೂ ಅವರು ಕೇಳಿದ್ದು ಊರಿಗೊಂದು ಪಿಯು ಕಾಲೇಜು. ನಿಮ್ಮ ಕಾಲೇಜಿನ ಕೈಲಾಗುವ ಸಣ್ಣ ಕೆಲಸ ಏನಾದರೂ ಇದ್ದೇ ಇರುತ್ತದೆ. ಶಾಲು, ಹಾರದ ಖರ್ಚನ್ನು ಅದಕ್ಕೆ ಹಾಕಿ.

ಉತ್ತರ 3 (ಚನ್ನರಾಯಪಟ್ಟಣ)

ಶಾಲು ಮಾತ್ರ ಬಿಡಬೇಡಿ ಅಕ್ಕ. ನಮ್ಮಪ್ಪ ಕೆರೆಯ ನೀರುಗಂಟಿ. ಒಂದು ಕಾಲೇಜಿನವರು ಕರೆದು ಶಾಲು ಹೊದಿಸಿದ್ದರು. ಅದನ್ನು ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದರು. ನನ್ನ ತಂಗಿ ಮದುವೆ ದಿನ ಒಂದೇ ಒಂದು ಸಲ ಹೊದ್ದರು. ಯಾರಾದರೂ ಮನೆಗೆ ಬಂದರೆ ಗೋಡೆಯ ಮೇಲಿನ ಪತ್ರವನ್ನು ನನ್ನ ಕೈಲಿ ಓದಿಸುತ್ತಿದ್ದರು. ಜನರ ಎದುರು ಹೊದಿಸಿದ ಶಾಲು ಬೇರೆಯೇ. ಬೇಕಾದರೆ ಹಣ್ಣಿನ ಬುಟ್ಟಿ ಬಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಶಾಲು ಇರುತ್ತದೆ, ಬುಟ್ಟಿ ಇರುವುದಿಲ್ಲ. ಒಬ್ಬರನ್ನೇ ಕರೆಯೋಣ ಅಂತ ಪ್ರಿನ್ಸಿಪಾಲರಿಗೆ ಹೇಳಿದೆ, ಒಪ್ಪಿದ್ದಾರೆ. ಈ ಭಾನುವಾರ ನಾಲ್ಕು ಮಕ್ಕಳ ಜೊತೆ ಮೊದಲು ಹೋದ ವರ್ಷದ ಅಜ್ಜಿಯ ಮನೆಗೇ ಹೋಗುತ್ತೇನೆ. ಹೆಸರು ಸರಿಯಾಗಿ ಬರೆದ ಪತ್ರ ಅವರಿಗೆ ಕೊಡುವುದು ಬಾಕಿ ಇದೆ.