ಸಹಾಯ ಬೇಕು: ಹಳೆಯ ಎನಾಮಲ್ ಬ್ಯಾಡ್ಜ್, ರೇಸ್ ಪುಸ್ತಿಕೆ ಉಳಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ರೇಸ್ ದಿನ ಅಂದ್ರೆ ನನಗೆ ಪ್ರಾಣ. ಎಂಜಿನ್ ಬಿಸಿಯಾಗುವಾಗ ಬರುವ ಎಣ್ಣೆ ವಾಸನೆಗಾಗಿಯೇ ಬೇಗ ಎದ್ದು ಹೊರಡುತ್ತೇನೆ. ಇಂಗ್ಲೆಂಡ್‌ನ ಗುಡ್‌ವುಡ್ ಕಾರ್ ರೇಸ್ ಟ್ರ್ಯಾಕ್‌ನಲ್ಲಿ 1948ರಿಂದ 1966ರವರೆಗೆ ರೇಸ್ ನಡೆದವು. ಆ ಕಾಲದ ಕಾರುಗಳು 1998ರಿಂದ ಮತ್ತೆ ಅಲ್ಲಿ ಓಡುತ್ತಿವೆ ಅಂದ್ರೆ ಎಷ್ಟು ಖುಷಿ ಅಲ್ವಾ! ಅಂಥ ದಿನಗಳ ಒಂದು ಚೂರು ಕೈಯಲ್ಲಿರಲಿ ಅಂತ ಹಳೆಯ ವಸ್ತು ಕೂಡಿಡುತ್ತೇನೆ.

ಈಗ ಒಂದು ಗ್ರಿಲ್ ಬ್ಯಾಡ್ಜ್ (ಕಾರಿನ ಮುಂದಿನ ಜಾಲರಿಗೆ ಹಾಕುವ ಲೋಹದ ಬಿಲ್ಲೆ) ಸಿಕ್ಕಿದೆ. ನೀಲಿ ಎನಾಮಲ್ ಇನ್ನೂ ಫಳಫಳ ಅನ್ನುತ್ತದೆ. ಆದರೆ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಎದ್ದುಹೋಗಿ ತಾಮ್ರ ಕಾಣುತ್ತಿದೆ, ಅಲ್ಲೇ ಹಸಿರು ಕಿಲುಬು. ಹಳೆಯ ಎನಾಮಲ್ ಅಂದ್ರೆ ಗಾಜಿನ ಪುಡಿಯನ್ನು ಕುಲುಮೆಯಲ್ಲಿ ಲೋಹದ ಮೇಲೆ ಕರಗಿಸಿ ಕೂರಿಸಿದ್ದು. ಮತ್ತೆ ಬಿಸಿ ಮಾಡಿದರೆ ಉಳಿದದ್ದೂ ಬಿರುಕು ಬಿಡಬಹುದು ಅಂತ ಭಯ. ಗಾಜಿಗೆ ಗೀರು ಬೀಳದ ಹಾಗೆ ಕಿಲುಬು ಮಾತ್ರ ತೆಗೆಯೋದು ಹೇಗೆ? ಎದ್ದ ಜಾಗಕ್ಕೆ ಬಣ್ಣದ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟು) ತುಂಬಬಹುದಾ? ನನಗೆ ಹಾಗೇ ಬಿಡೋದೇ ಸರಿ ಅನ್ನಿಸುತ್ತದೆ. ಆದರೆ ತೇವ ಒಳಗೆ ಇಳಿದು ಇನ್ನೂ ಜಾಸ್ತಿ ಎದ್ದರೆ?

ಇನ್ನೊಂದು, ರೇಸ್ ದಿನದ ಪುಸ್ತಿಕೆ. ಸ್ಟೇಪಲ್ ಪಿನ್ ತುಕ್ಕು ಹಿಡಿದು ಸುತ್ತಲಿನ ಕಾಗದ ಕಂದಾಗಿದೆ. ಒಳಗೆ ಯಾರೋ ಪ್ರತಿ ಲ್ಯಾಪ್‌ನ ಸಮಯವನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡಿದ್ದಾರೆ. ಹನ್ನೆರಡನೇ ಲ್ಯಾಪ್ ಹತ್ತಿರ ಮಳೆಹನಿ ಬಿದ್ದು ಕಾಗದ ಉಬ್ಬಿದೆ. ನನಗೆ ಮುಖಪುಟಕ್ಕಿಂತ ಆ ಪುಟವೇ ಮುಖ್ಯ. ಬರಹ ಅಳಿಸದೆ, ಕಾಗದ ಹರಿಯದೆ ಪಿನ್ ಬಿಡಿಸಬೇಕು.

ಇಂಥ ಕೆಲಸ ಸ್ವತಃ ಮಾಡಿದವರು ದಯವಿಟ್ಟು ಹೇಳಿ. ಫೋಟೋ ಬೇಕಿದ್ದರೆ ಹಾಕುತ್ತೇನೆ.